ಹಳೆಯ ಲ್ಯಾಪ್‌ಟಾಪಿಗೆ ಹಗುರವಾದ, ಆದರೆ ಪರಿಚಿತ ಮುಖದ ಡೆಸ್ಕ್‌ಟಾಪ್: ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂ, ಓಪನ್‌ಬಾಕ್ಸ್ ಮತ್ತು ಅವುಗಳ ದಾಯಾದಿಗಳು

"ಇದರಲ್ಲಿ ಸ್ಟಾರ್ಟ್ ಬಟನ್ ಎಲ್ಲಿದೆಯೋ?" ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆಯೇ ಅದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. ಅವರ ಲ್ಯಾಪ್‌ಟಾಪಿನಲ್ಲಿ ಇರುವುದು 2 ಜಿಬಿ ಮೆಮೊರಿ ಮತ್ತು ಕೋರ್ 2 ಡ್ಯುಯೊ ಪ್ರೊಸೆಸರ್. ಅದಕ್ಕೆ ವಿಂಡೋಸ್ 11 ಹಾಕುವ ಮಾತೇ ಇಲ್ಲ. ನಾನು ವಿಂಡೋಸ್ ಬದಲು ಲಿನಕ್ಸ್ ಹಾಕಿದೆ. ಹಾಕುವುದು ಹಾಕಿದೆ, ಅತಿ ಹಗುರವಾದದ್ದನ್ನೇ ಕೂರಿಸೋಣ ಎಂಬ ಹುಮ್ಮಸ್ಸಿನಲ್ಲಿ ಅದರ ಮುಖಕ್ಕೆ ಫ್ಲಕ್ಸ್‌ಬಾಕ್ಸ್ ಎಂಬ ವಿಂಡೋ ಮ್ಯಾನೇಜರ್ ಕೂರಿಸಿದೆ. ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಮೆನು ಬರುತ್ತದೆ ಎಂದು ತೋರಿಸಿಕೊಟ್ಟೆ. ಅವರು ತಲೆಯಾಡಿಸಿದರು. ನಾಲ್ಕು ದಿನ ಬಿಟ್ಟು ಫೋನ್ ಬಂತು. ಬ್ರೌಸರ್ ಪರದೆಯ ತುಂಬ ತೆರೆದುಕೊಂಡಿದೆ, ಬಲಗುಂಡಿ ಒತ್ತಿದರೆ ಬೇರೆ ಏನೇನೋ ಬರುತ್ತಿದೆ, ಖಾಲಿ ಪರದೆ ಎಲ್ಲಿಯೂ ಕಾಣುತ್ತಿಲ್ಲ. ಖಾಲಿ ಜಾಗವೇ ಕಾಣದ ಮೇಲೆ ಖಾಲಿ ಜಾಗದಲ್ಲಿ ಒತ್ತುವುದು ಹೇಗೆ?

ತಪ್ಪು ಫ್ಲಕ್ಸ್‌ಬಾಕ್ಸಿನದ್ದಲ್ಲ, ನನ್ನದು. 2001ರಲ್ಲಿ ಬ್ಲ್ಯಾಕ್‌ಬಾಕ್ಸ್ ಎಂಬ ಇನ್ನೂ ಹಳೆಯ ವಿಂಡೋ ಮ್ಯಾನೇಜರಿನಿಂದ ಕವಲೊಡೆದ ಅದು ಇಂದಿಗೂ ಒಳ್ಳೆಯ ಸಾಧನ. ಆದರೆ ಕೆಳಗೆ ಎಡಮೂಲೆಯಲ್ಲಿ ಒಂದು ಗುಂಡಿ, ಬಲಮೂಲೆಯಲ್ಲಿ ಗಡಿಯಾರ, ನಡುವೆ ತೆರೆದ ಕಿಟಕಿಗಳ ಸಾಲು ಎಂಬ ವಿಂಡೋಸ್ 95ರ ಕಾಲದ ಏರ್ಪಾಡಿಗೆ ಕೈ ಪಳಗಿದವರಿಗೆ ಅದನ್ನು ಕೊಡಬಾರದಿತ್ತು. ಆಮೇಲೆ ಸುಮಾರು ಒಂದು ತಿಂಗಳು ಆ ಯಂತ್ರದಲ್ಲಿ ಒಂದರ ನಂತರ ಒಂದನ್ನು ಹಾಕಿ ನೋಡಿದೆ. ಅದೇ ಈ ಬರಹದ ಬಂಡವಾಳ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ವಿಂಡೋ ಮ್ಯಾನೇಜರ್ ಬೇರೆ, ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಬೇರೆ. ಮೊದಲನೆಯದರ ಕೆಲಸ ಕಿಟಕಿಗಳಿಗೆ ಚೌಕಟ್ಟು ಹಾಕುವುದು, ಸರಿಸುವುದು, ಹಿಗ್ಗಿಸುವುದು, ಮುಚ್ಚುವುದು, ಅಷ್ಟೇ. ಎರಡನೆಯದು ಇಡೀ ಸಂಸಾರ: ವಿಂಡೋ ಮ್ಯಾನೇಜರ್, ಟಾಸ್ಕ್‌ಬಾರ್, ಫೈಲ್ ಮ್ಯಾನೇಜರ್, ಸೆಟ್ಟಿಂಗ್ಸ್, ಪರದೆಗೆ ಬೀಗ ಹಾಕುವುದು, ಪೆನ್‌ಡ್ರೈವ್ ಚುಚ್ಚಿದರೆ ಗುರುತಿಸುವುದು, ಎಲ್ಲವೂ ಸೇರಿ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ, ಮಾಟೆ ಇವೆಲ್ಲ ಸಂಸಾರಗಳು. ಓಪನ್‌ಬಾಕ್ಸ್ ಒಂಟಿ ಆಳು. ಐಸ್‌ಡಬ್ಲ್ಯೂಎಂ ಮತ್ತು ಜೆಡಬ್ಲ್ಯೂಎಂ ಇವೆರಡರ ನಡುವಿನವು. ಹೆಸರಿಗೆ ವಿಂಡೋ ಮ್ಯಾನೇಜರ್‌ಗಳೇ, ಆದರೆ ಟಾಸ್ಕ್‌ಬಾರ್, ಮೆನು, ಗಡಿಯಾರ, ವೈಫೈ-ಧ್ವನಿಯ ಚಿಹ್ನೆಗಳು ಕೂರುವ ಟ್ರೇ ಎಲ್ಲವನ್ನೂ ತಮ್ಮೊಳಗೇ ಇಟ್ಟುಕೊಂಡಿವೆ. ಹಗುರವೂ ಆಗಬೇಕು, ಪರಿಚಿತವೂ ಕಾಣಬೇಕು ಎನ್ನುವವರು ಈ ನಡುವಿನ ಜಾತಿಯಲ್ಲೇ ಮೊದಲು ಹುಡುಕಬೇಕು.

ಇನ್ನು 'ಹಗುರ' ಎಂಬ ಮಾತು. ಇದರ ಬಗ್ಗೆ ನನ್ನ ಉತ್ಸಾಹ ಮೊದಲಿನಷ್ಟು ಉಳಿದಿಲ್ಲ. ಐಸ್‌ಡಬ್ಲ್ಯೂಎಂ ತನ್ನ ಮಟ್ಟಿಗೆ ಹಿಡಿಯುವುದು ಹತ್ತಿಪ್ಪತ್ತು ಎಂಬಿ. ಜೆಡಬ್ಲ್ಯೂಎಂ ಇನ್ನೂ ಕಡಿಮೆ. ಎಕ್ಸ್‌ಎಫ್‌ಸಿಇಯ ಪ್ಯಾನೆಲ್, ಡೆಸ್ಕ್‌ಟಾಪ್, ಸೆಟ್ಟಿಂಗ್ಸ್ ಸೇವೆ ಎಲ್ಲ ಕೂಡಿಸಿದರೆ ಲೆಕ್ಕ ಸಲೀಸಾಗಿ ನೂರನ್ನು ದಾಟುತ್ತದೆ. ದೊಡ್ಡ ವ್ಯತ್ಯಾಸ ಎನಿಸುತ್ತದೆ. ಆಮೇಲೆ ಬ್ರೌಸರ್ ತೆರೆದು ಬ್ಯಾಂಕಿನ ಪುಟ ಒಂದು, ವಿಡಿಯೊ ಒಂದು, ಪತ್ರಿಕೆ ಒಂದು ಎಂದು ಮೂರು ಟ್ಯಾಬ್ ಹಾಕಿ ನೋಡಿ. ನೀವು ಕಷ್ಟಪಟ್ಟು ಉಳಿಸಿದ್ದೆಲ್ಲ ಒಂದೇ ಗುಟುಕಿಗೆ ಹೋಗಿರುತ್ತದೆ. 8 ಜಿಬಿ ಇರುವ ಯಂತ್ರದಲ್ಲಿ ಈ ಉಳಿತಾಯಕ್ಕೆ ಅರ್ಥವೇ ಇಲ್ಲ. 4 ಜಿಬಿ ಇದ್ದರೂ ಎಕ್ಸ್‌ಎಫ್‌ಸಿಇ ಹಾಕಿಕೊಂಡು ಸುಖವಾಗಿರಬಹುದು. 2 ಜಿಬಿಯಲ್ಲಿ ಮಾತ್ರ ಆ ನೂರಿನ್ನೂರು ಎಂಬಿ ನಿಜವಾಗಿ ಕೈಗೆ ಸಿಗುತ್ತದೆ: ನಾಲ್ಕನೆಯ ಟ್ಯಾಬ್ ತೆರೆದಾಗ ಹಾರ್ಡ್‌ಡಿಸ್ಕ್ ಗರಗರ ಎನ್ನುವುದೋ ಇಲ್ಲವೋ ಎಂಬುದನ್ನು ಅದೇ ತೀರ್ಮಾನಿಸುತ್ತದೆ.

ಹಾಗಾಗಿ ಯಾವ ವಿಂಡೋ ಮ್ಯಾನೇಜರ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಮೆಮೊರಿಗೆ ಇನ್ನೊಂದು ಖಾಲಿ ಜಾಗವಿದೆಯೇ ನೋಡಿ. ತಿರುಗುವ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಆಗುವ ಈ ಉಪಕಾರವನ್ನು ಯಾವ ಸಾಫ್ಟ್‌ವೇರೂ ಮಾಡಲಾರದು.

ಐಸ್‌ಡಬ್ಲ್ಯೂಎಂ

ಮಾರ್ಕೊ ಮಾಚೆಕ್ 1997ರಲ್ಲಿ ಶುರುಮಾಡಿದ್ದು. ವಿಂಡೋಸ್ 95 ಬಂದು ಆಗ ಎರಡು ವರ್ಷವಾಗಿತ್ತು; ಆ ಕಾಲದ ಗಾಳಿ ಇದರ ಮೈಯಲ್ಲಿ ಇನ್ನೂ ಇದೆ. ಮೊದಲಿನಿಂದಲೂ ಜೊತೆಗೆ ಬರುವ ವೇಷಗಳ (ಥೀಮ್‌ಗಳ) ಹೆಸರು ಕೇಳಿದರೆ ಸಾಕು: ವಿನ್95, ಮೋಟಿಫ್, ಐಬಿಎಂನ ಓಎಸ್/2 ನೆನಪಿನ ವಾರ್ಪ್3, ವಾರ್ಪ್4. ನಡುವೆ ಕೆಲವು ವರ್ಷ ನಿದ್ದೆ ಹೋದಂತಿದ್ದ ಯೋಜನೆಯನ್ನು ಬೇರೆಯವರು ಕೈಗೆತ್ತಿಕೊಂಡರು. 2020ರಲ್ಲಿ 2.0, 2022ರಲ್ಲಿ 3.0 ಬಂದವು. ಈಗ ಇದು ಚುರುಕಾಗಿ ನಡೆಯುತ್ತಿರುವ ಕೆಲಸ. ಈ ಬರಹದಲ್ಲಿ ಬರುವ ಹಲವರ ಬಗ್ಗೆ ಹಾಗೆ ಹೇಳುವಂತಿಲ್ಲ.

ಇದರ ಗುಣ ಏನೆಂದರೆ, ಹಾಕಿದ ಕೂಡಲೇ ಕೆಳಗೆ ಟಾಸ್ಕ್‌ಬಾರ್ ಬರುತ್ತದೆ. ಎಡಕ್ಕೆ ಮೆನು ಗುಂಡಿ, ಅದರ ಪಕ್ಕ ಬೇಗ ತೆರೆಯಬೇಕಾದ ಪ್ರೋಗ್ರಾಂಗಳ ಚಿಹ್ನೆಗಳು, ನಡುವೆ ತೆರೆದ ಕಿಟಕಿಗಳು, ಬಲಕ್ಕೆ ಟ್ರೇ ಮತ್ತು ಗಡಿಯಾರ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಮಟ್ಟವನ್ನೂ ಅದೇ ತೋರಿಸುತ್ತದೆ. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ನೆಟ್ ಎಷ್ಟು ಹರಿಯುತ್ತಿದೆ ಎಂಬ ಪುಟ್ಟ ಅಲೆರೇಖೆಗಳನ್ನೂ. ದೊಡ್ಡಪ್ಪನಿಗೆ ಈ ಅಲೆರೇಖೆಗಳು ಕಂಡರೆ ಏನೋ ಕೆಟ್ಟಿದೆ ಎಂಬ ಗಾಬರಿ. ಅವನ್ನು ತೆಗೆದೆ. ನಾಲ್ಕು ವರ್ಕ್‌ಸ್ಪೇಸ್‌ಗಳ, ಅಂದರೆ ಒಂದರ ಬದಲು ಒಂದು ಬರುವ ನಾಲ್ಕು ಬೇರೆಬೇರೆ ಪರದೆಗಳ, ಗುಂಡಿಗಳನ್ನೂ ತೆಗೆದೆ. ಇಲ್ಲದಿದ್ದರೆ ಎರಡನೆಯದನ್ನು ಕೈತಪ್ಪಿ ಒತ್ತಿ "ನನ್ನ ಪತ್ರವೆಲ್ಲ ಅಳಿಸಿಹೋಯಿತು" ಎಂದು ಫೋನ್ ಬರುವುದು ಖಂಡಿತ.

ಈ ತೆಗೆಯುವ ಕೆಲಸ ಹೇಗೆ ನಡೆಯುತ್ತದೆ ಎಂದು ಒಮ್ಮೆ ನೋಡಿದರೆ ಐಸ್‌ಡಬ್ಲ್ಯೂಎಂ ಸ್ವಭಾವ ತಿಳಿಯುತ್ತದೆ. ನಿಮ್ಮ ಹೋಮ್ ಫೋಲ್ಡರಿನೊಳಗೆ ಅಡಗಿರುವ ಐಸ್‌ಡಬ್ಲ್ಯೂಎಂ ಫೋಲ್ಡರ್‌ನಲ್ಲಿ ಪ್ರಿಫರೆನ್ಸಸ್ ಎಂಬ ಸಾದಾ ಪಠ್ಯದ ಫೈಲು ಇರುತ್ತದೆ. ಒಂದು ಸಾಲಿಗೆ ಒಂದು ಆಯ್ಕೆ. ಬಲಕ್ಕೆ ಸೊನ್ನೆ ಇದ್ದರೆ ಇಲ್ಲ, ಒಂದು ಇದ್ದರೆ ಉಂಟು. ವರ್ಕ್‌ಸ್ಪೇಸ್ ತೋರಿಸುವ ಸಾಲಿನಲ್ಲಿ ಒಂದನ್ನು ಸೊನ್ನೆ ಮಾಡಿ, ಮೆನುವಿನಿಂದ ಐಸ್‌ಡಬ್ಲ್ಯೂಎಂ ಅನ್ನು ಮರುಶುರು ಮಾಡಿದರೆ ಮುಗಿಯಿತು. ತೆರೆದ ಕಿಟಕಿಗಳು ಹಾಗೆಯೇ ಉಳಿಯುತ್ತವೆ. ಕೀಬೋರ್ಡಿನ ವಿಂಡೋಸ್ ಕೀಲಿ ಒತ್ತಿದರೆ ಮೆನು ತೆರೆಯುವಂತೆ ಮಾಡುವ ಆಯ್ಕೆಗೆ ವಿನ್95ಕೀಸ್ ಎಂದೇ ಹೆಸರು. ಅಂದರೆ ಆಕಸ್ಮಿಕವಾಗಿ ಹೋಲುವುದಲ್ಲ, ಹೋಲಲೆಂದೇ ಮಾಡಿದ್ದು.

ಕಿರಿಕಿರಿಗಳೂ ಇವೆ. ಜೊತೆಗೆ ಬರುವ ವೇಷಗಳು ಹಳತಾಗಿ ಕಾಣುತ್ತವೆ. ಹೊಸ ಲ್ಯಾಪ್‌ಟಾಪಿನ ಚುಕ್ಕಿಗಳು ಒತ್ತಾಗಿರುವ ಪರದೆಯಲ್ಲಿ ಚಿತ್ರ ಆಧಾರಿತ ವೇಷಗಳ ಗುಂಡಿಗಳು ಸಾಸಿವೆ ಕಾಳಿನಷ್ಟಾಗುತ್ತವೆ. ಡೆಸ್ಕ್‌ಟಾಪ್ ಮೇಲೆ ಫೈಲುಗಳ ಚಿಹ್ನೆ ಇಡುವ ಕೆಲಸ ಇದರದ್ದಲ್ಲ. ಅದಕ್ಕೆ ಪಿಸಿಮ್ಯಾನ್‌ಎಫ್‌ಎಂನಂಥ ಫೈಲ್ ಮ್ಯಾನೇಜರ್ ಬೇಕು. ಅದು ಡೆಸ್ಕ್‌ಟಾಪ್ ವಹಿಸಿಕೊಂಡ ಮೇಲೆ ಹಿನ್ನೆಲೆ ಚಿತ್ರವೂ ಬಲಗುಂಡಿಯ ಮೆನುವೂ ಅದರ ಪಾಲಾಗುತ್ತವೆ. ಇಬ್ಬರೂ ಹಿನ್ನೆಲೆ ಬಳಿಯಲು ಹೋದರೆ ಲಾಗಿನ್ ಆದಾಗ ಒಂದು ಚಿತ್ರ ಮಿಂಚಿ ಇನ್ನೊಂದು ಬರುತ್ತದೆ. ಐಸ್‌ಡಬ್ಲ್ಯೂಎಂನ ಹಿನ್ನೆಲೆ ಭಾಗವನ್ನು ನಿಲ್ಲಿಸಿಬಿಡುವುದೇ ಸರಿ.

ಇನ್ನೊಂದು ಮಾತು. ಲಾಗಿನ್ ಆದಾಗ ತಾನಾಗಿ ಶುರುವಾಗಬೇಕಾದ್ದನ್ನೆಲ್ಲ ಸ್ಟಾರ್ಟಪ್ ಎಂಬ ಫೈಲಿನಲ್ಲಿ ಬರೆಯಬೇಕು. ಬರೆದರೆ ಸಾಲದು, ಅದಕ್ಕೆ ಚಲಾಯಿಸುವ ಅನುಮತಿಯನ್ನೂ ಕೊಡಬೇಕು. ನಾನು ಅದನ್ನು ಮರೆತು ಒಂದು ಸಂಜೆಯಿಡೀ ವೈಫೈ ಚಿಹ್ನೆ ಏಕೆ ಬರುತ್ತಿಲ್ಲ ಎಂದು ಹುಡುಕಿದೆ. ಯಾವ ದೋಷಸಂದೇಶವೂ ಬರುವುದಿಲ್ಲ, ಫೈಲು ಸುಮ್ಮನೆ ಬಿದ್ದಿರುತ್ತದೆ.

ಜೆಡಬ್ಲ್ಯೂಎಂ

ಜೋ ವಿಂಗ್‌ಬರ್ಮ್ಯೂಲ್ ಬರೆದದ್ದು, ಸಿ ಭಾಷೆಯಲ್ಲಿ. ಕಡ್ಡಾಯವಾಗಿ ಬೇಕಾದದ್ದು ಪರದೆಗೆ ಬಿಡಿಸುವ ಮೂಲ ಲೈಬ್ರರಿಯಾದ ಎಕ್ಸ್‌ಲಿಬ್ ಒಂದೇ, ಉಳಿದ ಲೈಬ್ರರಿಗಳು ಇದ್ದರೆ ಬಳಸಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಪಪ್ಪಿ ಲಿನಕ್ಸ್ ಎಂಬ ಪುಟಾಣಿ ಲಿನಕ್ಸ್ ವಿತರಣೆ ಬಳಸಿದವರು ಇದನ್ನು ತಿಳಿಯದೆಯೇ ಬಳಸಿರುತ್ತಾರೆ. 512 ಎಂಬಿ, 1 ಜಿಬಿ ಮೆಮೊರಿಯ ಯಂತ್ರ ನಿಮ್ಮ ಮುಂದಿದ್ದರೆ ನೇರವಾಗಿ ಇಲ್ಲಿಗೇ ಬನ್ನಿ.

ರೂಪದಲ್ಲಿ ಐಸ್‌ಡಬ್ಲ್ಯೂಎಂಗೆ ಸೋದರನಂತಿದೆ: ಕೆಳಗಿನ ಪಟ್ಟಿ, ಮೆನು ಗುಂಡಿ, ಕಿಟಕಿಗಳ ಸಾಲು, ಗಡಿಯಾರ. ಚೌಕಟ್ಟುಗಳು ಚಪ್ಪಟೆಯಾಗಿ, ಬಣ್ಣ ಬದಲಿಸಿದರೆ ಇಂದಿನ ಕಾಲದ್ದೆಂದೇ ಕಾಣುತ್ತವೆ. ಈ ಒಂದು ವಿಷಯದಲ್ಲಿ ಇದೇ ಮೇಲು ಎನ್ನುತ್ತೇನೆ, ಏಕೆಂದರೆ ಬಣ್ಣ, ಎತ್ತರ, ಅಕ್ಷರದ ಗಾತ್ರ ಎಲ್ಲವನ್ನೂ ಸಂಖ್ಯೆಯಲ್ಲಿ ಕೊಡಬಹುದು. ಕಣ್ಣು ಮಂಜಾದವರಿಗೆ ಶೀರ್ಷಿಕೆಪಟ್ಟಿಯನ್ನು ಎರಡು ಬೆರಳು ದಪ್ಪ ಮಾಡಿಕೊಡಲೂ ಅಡ್ಡಿಯಿಲ್ಲ.

ತೊಡಕು ಇರುವುದು ಬರೆಯುವ ರೀತಿಯಲ್ಲಿ. ಎಲ್ಲವೂ ಒಂದೇ ಎಕ್ಸ್‌ಎಂಎಲ್ ಫೈಲಿನಲ್ಲಿ. ತೆರೆದ ಟ್ಯಾಗನ್ನು ಮುಚ್ಚಬೇಕು, ಉದ್ಧರಣ ಚಿಹ್ನೆ ಸರಿಯಿರಬೇಕು. ಗಡಿಯಾರದ ಸಾಲಿನ ಕೊನೆಯಲ್ಲಿ ಒಂದು ಓರೆಗೆರೆ ಬಿಟ್ಟು ಮರುಶುರು ಮಾಡಿದೆ. ಇಡೀ ಟಾಸ್ಕ್‌ಬಾರೇ ಮಾಯ. ಪರದೆಯ ಮೇಲೆ ಬರಿಯ ನೀಲಿ. ಆಮೇಲೆ ಗೊತ್ತಾಯಿತು, ಫೈಲು ಸರಿಯಿದೆಯೇ ಎಂದು ಮೊದಲೇ ಓದಿ ಹೇಳುವ ಒಂದು ಆಯ್ಕೆ ಅದರಲ್ಲೇ ಇದೆ: ಟರ್ಮಿನಲ್‌ನಲ್ಲಿ ಜೆಡಬ್ಲ್ಯೂಎಂ ಎಂದು ಬರೆದು ಅಡ್ಡಗೆರೆ ಮತ್ತು ಪಿ ಅಕ್ಷರ ಸೇರಿಸಿದರೆ ತಪ್ಪು ಎಷ್ಟನೆಯ ಸಾಲಿನಲ್ಲಿದೆ ಎಂದು ತೋರಿಸುತ್ತದೆ. ಬದಲಾಯಿಸಿದ ಪ್ರತಿ ಸಲವೂ ಅದನ್ನು ಓಡಿಸಿ, ಆಮೇಲೆ ಮರುಶುರು ಮಾಡಿ. ಇಂಥದ್ದು ನಿಮಗೆ ಸಲೀಸು ಎನಿಸಿದರೆ ಜೆಡಬ್ಲ್ಯೂಎಂ ನಿಮ್ಮದು. ನನಗೆ ಸಲೀಸು, ಆದರೆ ನಾನಿಲ್ಲದಾಗ ದೊಡ್ಡಪ್ಪನ ಪಕ್ಕದ ಮನೆಯ ಹುಡುಗ ಸರಿಪಡಿಸಬೇಕಾದರೆ? ಸೊನ್ನೆ-ಒಂದರ ಸಾಲುಗಳನ್ನು ಅವನಿಗೆ ಫೋನಿನಲ್ಲಿ ಹೇಳಿಕೊಡಬಹುದು, ಎಕ್ಸ್‌ಎಂಎಲ್ ಅನ್ನು ಹೇಳಿಕೊಡಲು ನನಗೆ ತಾಳ್ಮೆಯಿಲ್ಲ.

ಪಪ್ಪಿ ಲಿನಕ್ಸ್ ಬಗ್ಗೆ ಒಂದು ಎಚ್ಚರಿಕೆ: ಅದು ಸಾಮಾನ್ಯವಾಗಿ ರೂಟ್, ಅಂದರೆ ಎಲ್ಲ ಅಧಿಕಾರವೂ ಇರುವ ಬಳಕೆದಾರನಾಗಿಯೇ ಓಡುತ್ತದೆ. ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಕೆಟ್ಟ ಯಂತ್ರದಿಂದ ಫೈಲು ಎತ್ತಲು ಅದರಂಥದ್ದು ಇನ್ನೊಂದಿಲ್ಲ. ಆದರೆ ಬ್ಯಾಂಕ್ ವ್ಯವಹಾರ ಮಾಡುವ ಮನೆಯ ಯಂತ್ರಕ್ಕೆ ನಾನದನ್ನು ಹಾಕುವುದಿಲ್ಲ.

ಓಪನ್‌ಬಾಕ್ಸ್, ಕೈಯಾರೆ ಕಟ್ಟುವವರಿಗೆ

ಓಪನ್‌ಬಾಕ್ಸ್ ಅನ್ನು ಹೊಗಳದೆ ಇರುವುದು ಕಷ್ಟ. ಎಲ್‌ಎಕ್ಸ್‌ಡಿಇ ಎಂಬ ಹಳೆಯ ಹಗುರ ಸಂಸಾರದ ಒಳಗೆ ಇದ್ದದ್ದು ಇದೇ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಡೆಸ್ಕ್‌ಟಾಪ್ ಬಳಸಿದ ಲಕ್ಷಾಂತರ ಮಕ್ಕಳ ಕಿಟಕಿಗಳಿಗೆ ವರ್ಷಗಟ್ಟಲೆ ಚೌಕಟ್ಟು ಹಾಕಿದ್ದೂ ಇದೇ. ಕೊನೆಯ ಬಿಡುಗಡೆ 3.6.1 ಬಂದದ್ದು 2015ರಲ್ಲಿ. ಹಳತು ಎಂದು ಮೂಗು ಮುರಿಯಬೇಡಿ, ಅದು ಕೆಡುವುದೇ ಇಲ್ಲ.

ಆದರೆ ಬರಿಯ ಓಪನ್‌ಬಾಕ್ಸ್ ಹಾಕಿ ಲಾಗಿನ್ ಆದರೆ ಕಾಣುವುದು ಖಾಲಿ ಪರದೆ, ಒಂದು ಬಾಣ. ಅಷ್ಟೇ. ಟಾಸ್ಕ್‌ಬಾರಿಗೆ ಟಿಂಟ್2, ಮೆನುವಿಗೆ ಇನ್ನೊಂದು, ಹಿನ್ನೆಲೆಗೆ ಮತ್ತೊಂದು ಎಂದು ಒಂದೊಂದಾಗಿ ಕೂಡಿಸುತ್ತ ಹೋಗಬೇಕು. ವಿಂಡೋಸ್ ಕೀಲಿಯನ್ನು ಒಂಟಿಯಾಗಿ ಒತ್ತಿದರೆ ಮೆನು ಬರಬೇಕು ಎಂಬ ಸಣ್ಣ ಆಸೆಗೂ ಇಲ್ಲಿ ಹೊರಗಿನ ಸಹಾಯ ಬೇಕಾಗುತ್ತದೆ. ಓಪನ್‌ಬಾಕ್ಸ್ ಆ ಕೀಲಿಯನ್ನು ಶಿಫ್ಟ್, ಕಂಟ್ರೋಲ್‌ಗಳಂತೆ ಬೇರೆ ಕೀಲಿಯ ಜೊತೆಗೆ ಒತ್ತುವಂಥದ್ದು ಎಂದೇ ಎಣಿಸುತ್ತದೆ. ಎಕ್ಸ್‌ಕೇಪ್ ಎಂಬ ಪುಟಾಣಿ ಸಾಧನ ಹಾಕಿ ಅದನ್ನು ಬಗ್ಗಿಸಬೇಕು. ಎಲ್ಲ ಕೂಡಿಸಿ ಮುಗಿಯುವ ಹೊತ್ತಿಗೆ ನೀವೇ ಒಂದು ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಕಟ್ಟಿರುತ್ತೀರಿ, ಮೆಮೊರಿಯ ಉಳಿತಾಯವೂ ಐಸ್‌ಡಬ್ಲ್ಯೂಎಂ ಮುಂದೆ ಏನೂ ಉಳಿದಿರುವುದಿಲ್ಲ. ಭಾನುವಾರದ ಮಧ್ಯಾಹ್ನಗಳನ್ನು ಇದಕ್ಕೆ ಕೊಡಲು ಖುಷಿಯಿರುವವರಿಗೆ ಇದು. ಬೇರೆಯವರ ಯಂತ್ರಕ್ಕೆ ಹಾಕಿಕೊಡಲು ಅಲ್ಲ.

ಸಂಸಾರ ಸಮೇತ ಬರುವವು

4 ಜಿಬಿ ಇದೆಯೇ? ಹಾಗಾದರೆ ಎಕ್ಸ್‌ಎಫ್‌ಸಿಇ. ಒಲಿವಿಯೆ ಫೂರ್ದಾನ್ 1996ರಲ್ಲಿ ಆರಂಭಿಸಿದ ಈ ಯೋಜನೆ ಆತುರಪಡುವುದಿಲ್ಲ, 4.12ರಿಂದ 4.14ಕ್ಕೆ ಬರಲು ನಾಲ್ಕು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಬಳಸುವವರಿಗೆ ಅದೇ ವರ. ಇವತ್ತು ಇದ್ದ ಗುಂಡಿ ನಾಳೆಯೂ ಅಲ್ಲೇ ಇರುತ್ತದೆ. ಮೊದಲ ಬಾರಿ ಪ್ಯಾನೆಲ್ (ಟಾಸ್ಕ್‌ಬಾರ್) ಮೇಲಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಬೀಗ ತೆಗೆದು, ಹಿಡಿದು ಕೆಳಕ್ಕೆ ಎಳೆಯಿರಿ, ಮೆನುವಿನ ಜಾಗಕ್ಕೆ ವಿಸ್ಕರ್ ಮೆನು ಹಾಕಿ, ಮುಗಿಯಿತು. ಪೆನ್‌ಡ್ರೈವ್, ಪ್ರಿಂಟರ್, ಪರದೆಯ ಬೆಳಕು, ಹೊರಗಿನ ಮಾನಿಟರ್, ಎಲ್ಲಕ್ಕೂ ಒತ್ತುವ ಗುಂಡಿ ಇದೆ.

ಎಲ್‌ಎಕ್ಸ್‌ಕ್ಯೂಟಿ ಇದಕ್ಕಿಂತ ತುಸು ಹಗುರ, ಮೊದಲ ನೋಟಕ್ಕೇ ವಿಂಡೋಸಿನ ಹತ್ತಿರದ್ದು. ಹಳೆಯ ಎಲ್‌ಎಕ್ಸ್‌ಡಿಇ ಬಳಸುತ್ತಿದ್ದವರು ಇದಕ್ಕೇ ಬರಬೇಕು, ಉಬುಂಟುವಿನ ಹಗುರ ರೂಪವಾದ ಲುಬುಂಟು ತನ್ನ 18.10 ಆವೃತ್ತಿಯಿಂದ ಇದನ್ನೇ ಬಳಸುತ್ತಿದೆ. ನನಗೆ ಇದರ ಸೆಟ್ಟಿಂಗ್ಸ್ ಕಿಟಕಿಗಳು ಹತ್ತು ಕಡೆ ಚದುರಿಹೋದಂತೆ ಅನಿಸುತ್ತವೆ. ಅದು ರುಚಿಯ ಮಾತು, ನಿಮಗೆ ಹಾಗೆ ಅನಿಸಬೇಕೆಂದಿಲ್ಲ.

ಪರಿಚಿತ ಎಂದರೆ ಟಾಸ್ಕ್‌ಬಾರ್ ಮಾತ್ರವಲ್ಲ

ಒಂದು ತಿಂಗಳ ಫೋನ್ ಕರೆಗಳಿಂದ ನಾನು ಕಲಿತದ್ದು ಇದು. ಐಸ್‌ಡಬ್ಲ್ಯೂಎಂ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಎಲ್ಲಿ ಎಂದು ದೊಡ್ಡಪ್ಪ ಮತ್ತೆ ಕೇಳಲಿಲ್ಲ. ಕೇಳಿದ್ದೆಲ್ಲ ಬೇರೆ. "ಪೆನ್‌ಡ್ರೈವ್ ಹಾಕಿದರೆ ಏನೂ ಬರುತ್ತಿಲ್ಲವಲ್ಲೋ." "ಸೌಂಡ್ ಜಾಸ್ತಿ ಮಾಡುವುದು ಎಲ್ಲಿ?" "ನಿನ್ನ ಚಿಕ್ಕಮ್ಮನ ಮನೆಗೆ ತಂದಿದ್ದೇನೆ, ಇಲ್ಲಿಯ ವೈಫೈ ಪಾಸ್‌ವರ್ಡ್ ಎಲ್ಲಿ ಹಾಕಬೇಕು?" ಸಂಸಾರಗಳಲ್ಲಿ ಇವೆಲ್ಲ ತಾವಾಗಿ ಬರುತ್ತವೆ. ವಿಂಡೋ ಮ್ಯಾನೇಜರ್‌ನಲ್ಲಿ ಪ್ರತಿಯೊಂದಕ್ಕೂ ಒಂದು ಆಳು ಗೊತ್ತುಮಾಡಬೇಕು.

ವೈಫೈಗೆ ನೆಟ್‌ವರ್ಕ್‌ಮ್ಯಾನೇಜರ್‌ನ ಆಪ್ಲೆಟ್, ಅದು ಟ್ರೇಯಲ್ಲಿ ಬಂದು ಕೂರುತ್ತದೆ. ಧ್ವನಿಗೆ ವಾಲ್ಯೂಮ್‌ಐಕಾನ್. ಪೆನ್‌ಡ್ರೈವ್‌ಗೆ ಪಿಸಿಮ್ಯಾನ್‌ಎಫ್‌ಎಂ, ಜೊತೆಗೆ ಜಿವಿಎಫ್‌ಎಸ್; ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಪೆನ್‌ಡ್ರೈವನ್ನು ಕಂಡೂ ಕಾಣದಂತಿರುತ್ತದೆ. ಪಾಸ್‌ವರ್ಡ್ ಕೇಳಿ ಅನುಮತಿ ಪಡೆಯುವ ಕೆಲಸಗಳಿಗೆ ಎಲ್‌ಎಕ್ಸ್‌ಪೋಲ್‌ಕಿಟ್. ಇದನ್ನು ಮರೆತರೆ ಕೆಲವು ಪ್ರೋಗ್ರಾಂಗಳು ಒತ್ತಿದರೂ ಸದ್ದಿಲ್ಲದೆ ಸುಮ್ಮನಿರುತ್ತವೆ. ಸೂಚನೆಗಳು ಬರಲು ಡನ್ಸ್ಟ್. ಪರದೆಗೆ ಬೀಗ ಬೇಕಿದ್ದರೆ ಎಕ್ಸ್‌ಸ್ಕ್ರೀನ್‌ಸೇವರ್. ಯಂತ್ರವನ್ನು ಆಫ್ ಮಾಡುವ ಆಜ್ಞೆ ಐಸ್‌ಡಬ್ಲ್ಯೂಎಂ ಪ್ರಿಫರೆನ್ಸಸ್‌ನಲ್ಲಿ ಖಾಲಿಯಿದ್ದರೆ ಅದನ್ನೂ ತುಂಬಿಕೊಡಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಆಂಟಿಎಕ್ಸ್ ಇದೆ. ಡೆಬಿಯನ್ ಆಧಾರದ ಈ ವಿತರಣೆ ಐಸ್‌ಡಬ್ಲ್ಯೂಎಂ ಅನ್ನು ಮುಖ್ಯವಾಗಿಟ್ಟುಕೊಂಡು ಮೇಲಿನ ಆಳುಗಳನ್ನೆಲ್ಲ ಮೊದಲೇ ನೇಮಿಸಿಕೊಟ್ಟಿರುತ್ತದೆ. ಒಂದು ಯಂತ್ರಕ್ಕೆ ಒಂದೇ ಸಂಜೆ ಕೊಡಬಲ್ಲಿರಾದರೆ ಇದನ್ನೇ ಹಾಕಿ. ಇನ್ನೂ ಹಳೆಯ, 32 ಬಿಟ್‌ನ ಯಂತ್ರ ಇರುವವರಿಗೆ ದಾರಿ ಕಿರಿದಾಗುತ್ತಿದೆ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ. ಫೈರ್‌ಫಾಕ್ಸ್ ಕೂಡ 144ನೆಯ ಆವೃತ್ತಿಯ ನಂತರ 32 ಬಿಟ್ ಲಿನಕ್ಸನ್ನು ಕೈಬಿಟ್ಟಿದೆ. ವಿಂಡೋ ಮ್ಯಾನೇಜರ್ ಎಷ್ಟೇ ಹಗುರವಿದ್ದರೂ ಬ್ರೌಸರ್ ಇಲ್ಲದೆ ಏನು ಮಾಡುವುದು?

ಕನ್ನಡದ ಮಾತು

ಇಂಗ್ಲಿಷಿನಲ್ಲಿ ಬರುವ ಹೋಲಿಕೆಗಳಲ್ಲಿ ಇದು ಸಿಗುವುದಿಲ್ಲ. ದೊಡ್ಡಪ್ಪ ನಿವೃತ್ತ ಮೇಷ್ಟರು, ಫೈಲಿಗೆ ಹೆಸರಿಡುವುದೂ ಕನ್ನಡದಲ್ಲೇ. ಲಿಬ್ರೆಆಫೀಸ್‌ನಲ್ಲಿ 'ಶ್ರೀಕ್ಷೇತ್ರ' ಎಂಬ ಬರಹ ತೆರೆದರು. ಪುಟದ ಒಳಗೆ ಅಕ್ಷರ ಮುತ್ತಿನಂತಿದೆ. ಕಿಟಕಿಯ ಶೀರ್ಷಿಕೆಯಲ್ಲಿ ಮಾತ್ರ ಶ, ಅದರ ಮುಂದೆ ಬಿಡಿಯಾಗಿ ಅರ್ಧಾಕ್ಷರದ ಕೊಂಬು, ಆಮೇಲೆ ರ, ಆಮೇಲೆ ದೀರ್ಘದ ಗುರುತು, ಎಲ್ಲ ಜಗಳವಾಡಿ ಬೇರೆಬೇರೆ ನಿಂತ ಹಾಗೆ. "ಮೇಲೆ ಹೆಸರು ತಪ್ಪಾಗಿ ಬರೆದಿದೆಯಲ್ಲೋ, ತಿದ್ದು" ಎಂದರು.

ಕಾರಣ ಸರಳ. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳು ಕೂಡಿಕೊಳ್ಳಬೇಕಾದರೆ ಅಕ್ಷರಗಳನ್ನು ಜೋಡಿಸುವ ಒಂದು ಎಂಜಿನ್ ಬೇಕು. ಪ್ಯಾಂಗೊ ಎಂಬ ಲೈಬ್ರರಿಯ ಮೂಲಕ ಬರೆಯುವವರಿಗೆ ಅದು ಸಿಗುತ್ತದೆ. ಎಕ್ಸ್‌ಎಫ್‌ಟಿ ಎಂಬ ಸರಳ ಅಕ್ಷರ ಲೈಬ್ರರಿಯನ್ನು ನೇರವಾಗಿ ಬಳಸಿ ಬರೆಯುವವರು ಅಕ್ಷರದ ತುಣುಕುಗಳನ್ನು ಒಂದರ ಪಕ್ಕ ಒಂದಿಟ್ಟು ಕೈತೊಳೆದುಕೊಳ್ಳುತ್ತಾರೆ. ಓಪನ್‌ಬಾಕ್ಸ್ ಪ್ಯಾಂಗೊ ಬಳಸುತ್ತದೆ, ಎಕ್ಸ್‌ಎಫ್‌ಸಿಇಯೂ ಹಾಗೆಯೇ. ಅಲ್ಲಿ ಕನ್ನಡ ಶೀರ್ಷಿಕೆಗಳು ಸರಿಯಾಗಿ ಬರುತ್ತವೆ. ಫ್ಲಕ್ಸ್‌ಬಾಕ್ಸ್ ಮತ್ತು ಹಳೆಯ ವಿತರಣೆಗಳಲ್ಲಿ ಬರುವ ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂಗಳು ಎಕ್ಸ್‌ಎಫ್‌ಟಿಯ ಗುಂಪಿನವು. ನಿಮ್ಮದು ಯಾವ ಗುಂಪು ಎಂದು ತಿಳಿಯಲು 'ಶ್ರೀಕ್ಷೇತ್ರ' ಎಂಬ ಹೆಸರಿನ ಫೋಲ್ಡರ್ ಮಾಡಿ ತೆರೆದು ನೋಡಿ, ಅರ್ಧ ನಿಮಿಷದ ಪರೀಕ್ಷೆ. ಒಡೆದು ಕಂಡರೆ ಹೆದರಬೇಕಾಗಿಲ್ಲ, ಕೆಡುವುದು ಚೌಕಟ್ಟಿನ ಮೇಲಿನ ಹೆಸರು ಮತ್ತು ಟಾಸ್ಕ್‌ಬಾರಿನ ಗುಂಡಿ ಮಾತ್ರ. ಬ್ರೌಸರ್, ಲಿಬ್ರೆಆಫೀಸ್ ಒಳಗಿನ ಬರಹಕ್ಕೆ ಏನೂ ಆಗುವುದಿಲ್ಲ. ಆದರೆ ದಿನವಿಡೀ ಹತ್ತು ಕನ್ನಡ ಫೈಲು ತೆರೆದಿಟ್ಟು ಟಾಸ್ಕ್‌ಬಾರಿನಲ್ಲಿ ಹೆಸರು ಓದಿ ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ. ಅಂಥವರು ಒಂದಿಷ್ಟು ಮೆಮೊರಿ ಹೋದರೂ ಸರಿ ಎಂದು ಎಕ್ಸ್‌ಎಫ್‌ಸಿಇಗೆ ಹೋಗಬೇಕು.

ಕನ್ನಡ ಟೈಪ್ ಮಾಡುವುದಕ್ಕೆ ಯಾವುದರಲ್ಲೂ ತೊಂದರೆಯಿಲ್ಲ, ಶುರುವಿನ ಏರ್ಪಾಡು ಮಾತ್ರ ನಮ್ಮ ಕೈಯದು. ಐಬಸ್ ಎಂಬ ಟೈಪಿಂಗ್ ಸಾಧನ ಮತ್ತು ಅದರ ಎಂ17ಎನ್ ಭಾಗ ಹಾಕಿದರೆ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಜೊತೆಗೆ ಕೆಜಿಪಿ ವಿನ್ಯಾಸವೂ ಸಿಗುತ್ತದೆ. ನುಡಿ ತಂತ್ರಾಂಶಕ್ಕೆ ಕೈ ಕೂತವರು ಕೊನೆಯದನ್ನು ಆರಿಸಿಕೊಂಡರೆ ಬೆರಳುಗಳಿಗೆ ಹೊಸ ಪಾಠ ಬೇಡ. ವಿಂಡೋ ಮ್ಯಾನೇಜರ್‌ಗಳಲ್ಲಿ ಐಬಸ್ ತಾನಾಗಿ ಏಳುವುದಿಲ್ಲ. ಸ್ಟಾರ್ಟಪ್ ಫೈಲಿನಲ್ಲಿ ಅದನ್ನು ಎಬ್ಬಿಸಬೇಕು. ಡೆಬಿಯನ್‌ನಲ್ಲಿ ಐಎಂ-ಕಾನ್ಫಿಗ್ ಓಡಿಸಿ ಐಬಸ್ ಆರಿಸಿಟ್ಟರೆ, ಬ್ರೌಸರ್ ಮತ್ತು ಲಿಬ್ರೆಆಫೀಸ್‌ಗೆ ಅದರ ವಿಳಾಸ ತಿಳಿಸುವ ಕೆಲಸವೂ ಆಗುತ್ತದೆ. ಟೈಪ್ ಮಾಡಿದರೆ ಟರ್ಮಿನಲ್‌ನಲ್ಲಿ ಬರುತ್ತದೆ, ಲಿಬ್ರೆಆಫೀಸ್‌ನಲ್ಲಿ ಬರುವುದಿಲ್ಲ ಎಂಬ ದೂರು ಎದುರಾದರೆ ಮೊದಲು ಇದನ್ನೇ ನೋಡಿ. ಅಕ್ಷರರೂಪಗಳಿಗೆ ನೋಟೊ ಸಾನ್ಸ್ ಕನ್ನಡ, ಲೋಹಿತ್ ಇದ್ದೇ ಇವೆ. ಗುಬ್ಬಿ, ನವಿಲು ಎಂಬ ಚಂದದ ಹೆಸರಿನ ಜೋಡಿಯೂ ಡೆಬಿಯನ್ ಭಂಡಾರದಲ್ಲಿ ಸಿಗುತ್ತದೆ.

ಮುಂದಿನ ದಿನಗಳಿಗೆ?

ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂ, ಓಪನ್‌ಬಾಕ್ಸ್ ಮೂರೂ ಪರದೆಯ ಮೇಲೆ ಕಿಟಕಿ ಬಿಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಮೇಲೆ ನಿಂತವು. ಲಿನಕ್ಸ್ ಲೋಕ ಅದರ ಬದಲಿಗೆ ಬಂದ ವೇಲ್ಯಾಂಡ್ ಕಡೆ ಸರಿಯುತ್ತಿದೆ. ಓಪನ್‌ಬಾಕ್ಸ್ ಪ್ರಿಯರಿಗೆ ಅಲ್ಲಿ ಲ್ಯಾಬ್‌ಡಬ್ಲ್ಯೂಸಿ ಎಂಬ ಉತ್ತರಾಧಿಕಾರಿ ಇದ್ದಾನೆ. ಓಪನ್‌ಬಾಕ್ಸಿನ ವೇಷಗಳನ್ನೂ ಅದೇ ಬಗೆಯ ಕಾನ್ಫಿಗರೇಶನ್ ಫೈಲನ್ನೂ ಅದು ಓದುತ್ತದೆ. ರಾಸ್ಪ್‌ಬೆರಿ ಪೈ 2024ರ ಅಕ್ಟೋಬರ್‌ನಲ್ಲಿ ಅದಕ್ಕೆ ಬದಲಾಯಿತು. ಎಲ್‌ಎಕ್ಸ್‌ಕ್ಯೂಟಿಯೂ ಅದರ ಜೊತೆ ಓಡಬಲ್ಲದು. ಹೊಸ ಯಂತ್ರವಾದರೆ ಅದನ್ನು ನೋಡಿ. ಹದಿನೈದು ವರ್ಷದ ಲ್ಯಾಪ್‌ಟಾಪಿಗೆ ನಾನು ಈ ಚಿಂತೆ ಹಚ್ಚಿಕೊಳ್ಳುವುದಿಲ್ಲ. ಎಕ್ಸ್11 ಹೋಗುವುದಕ್ಕೆ ಮೊದಲು ಅದರ ಕೀಲುಗಳೇ ಮುರಿದಿರುತ್ತವೆ.

ನಿಮಗೆ ಇನ್ನೂ ಮನಸ್ಸು ನಿಲ್ಲದಿದ್ದರೆ ಆರಿಸುವ ಅಗತ್ಯವೇ ಇಲ್ಲ. ಐಸ್‌ಡಬ್ಲ್ಯೂಎಂ, ಜೆಡಬ್ಲ್ಯೂಎಂ, ಎಕ್ಸ್‌ಎಫ್‌ಸಿಇ ಮೂರನ್ನೂ ಒಂದೇ ಯಂತ್ರದಲ್ಲಿ ಹಾಕಿಕೊಳ್ಳಬಹುದು. ಡಿಸ್ಕಿನಲ್ಲಿ ತುಸು ಜಾಗ ಹಿಡಿಯುವುದು ಬಿಟ್ಟರೆ ಓಡದೆ ಇರುವುದು ಮೆಮೊರಿ ತಿನ್ನುವುದಿಲ್ಲ. ಲಾಗಿನ್ ಪರದೆಯ ಮೂಲೆಯಲ್ಲಿರುವ ಚಿಹ್ನೆ ಒತ್ತಿ ಯಾವುದು ಬೇಕೋ ಅದನ್ನು ಆರಿಸಿ ಒಳಗೆ ಹೋಗಿ, ಒಂದೊಂದಕ್ಕೂ ಒಂದು ವಾರ ಕೊಡಿ. ದೊಡ್ಡಪ್ಪನ ಯಂತ್ರದಲ್ಲಿ ಈಗಲೂ ಮೂರೂ ಇವೆ. ಆ ಮೂಲೆಯ ಚಿಹ್ನೆಯನ್ನು ಮಾತ್ರ ನಾನು ಅವರಿಗೆ ತೋರಿಸಿಲ್ಲ.